ಕೀಲಿ ಹುಡುಕಲು ನಮ್ಮ ಓಣಿಗೆ ಬಂದವರು

ಕಳೆದದ್ದನ್ನು ಹುಡುಕಲು ಕೀಲಿಗೆ, ಚೀಲಕ್ಕೆ ಕಟ್ಟುವ ಆ ಬ್ಲೂಟೂತ್ ಬಿಲ್ಲೆಯ ಮೇಲೆ ನನಗೆ ಸಿಟ್ಟಿಲ್ಲ. ರಾಯಚೂರಿನಿಂದ ದೇವದುರ್ಗಕ್ಕೆ ಪಾಠ ಮಾಡಲು ಬಸ್ಸಿನಲ್ಲಿ ಓಡಾಡುವ ನಾನು ಒಮ್ಮೆ ಚೀಲ ಮರೆತು ಇಳಿದಾಗ, ಅದು ಬಸ್ ಡಿಪೋದಲ್ಲಿದೆ ಎಂದು ತೋರಿಸಿಕೊಟ್ಟದ್ದು ಅಂಥದೇ ಬಿಲ್ಲೆ. ಹತ್ತಿರ ಹಾದುಹೋಗುವ ಯಾರದೋ ಫೋನಿಗೆ ಅದು ಸಿಕ್ಕರೆ ನಕ್ಷೆಯಲ್ಲಿ ಚುಕ್ಕೆ ಬೀಳುತ್ತದೆ. ಚುಕ್ಕೆ ಎಂದರೆ ಸುಮಾರು ಅಲ್ಲೆಲ್ಲೋ ಎಂದರ್ಥ, ಅಷ್ಟೇ. ನನ್ನ ಸಿಟ್ಟು ಇರುವುದು ಆ ಚುಕ್ಕೆ ಹಿಡಿದುಕೊಂಡು ಮಾನ್ವಿಯಲ್ಲಿ ಚಿಕ್ಕವ್ವನ ಮನೆಯಿರುವ ನಮ್ಮ ಓಣಿಗೆ ಬಂದವರ ಮೇಲೆ.

ನನ್ನ ಚಿಕ್ಕವ್ವ ಅಲ್ಲಿಯ ಗಿರಣಿಯಲ್ಲಿ ಅಕ್ಕಿ ಹಸನು ಮಾಡುವ ಕೆಲಸಕ್ಕೆ ಹೋಗುತ್ತಿದ್ದಳು. ಮನೆಯಲ್ಲಿ ಒಂದು ಎಮ್ಮೆ. ಅದಕ್ಕೆ ತೌಡು ಬೇಕು. ಗಿರಣಿಯ ಸಣ್ಣ ಸಾಹುಕಾರನಿಗೆ ಅವಳ ಕೈಗುಣದ ಮೇಲೆ ಬಲು ನಂಬಿಕೆ. ಅವಳು ಬೋಣಿಗೆ ಮಾಡಿದರೆ ದಿನವೆಲ್ಲ ವ್ಯಾಪಾರ ಚೆನ್ನ ಎಂದು, ಅವಳಿಗೆ ತೌಡು ಬೇಕಾದಾಗಲೆಲ್ಲ ಮೊದಲ ಚೀಲವನ್ನೇ ಕೊಡುತ್ತಿದ್ದ. ಬಾಯಿ ತೆರೆದ ಆ ಚೀಲದ ಮೇಲೆ, ಅಂಥ ಬಿಲ್ಲೆ ಸಿಕ್ಕಿಸಿದ ಗಿರಣಿಯ ಕೀಲಿಗೊಂಚಲು ಇಟ್ಟು, ಕುಂಕುಮ ಹಚ್ಚಿ, ಊದುಬತ್ತಿ ಬೆಳಗಿ, ಕೀಲಿ ಎತ್ತಿಕೊಂಡು ಆಮೇಲೆ ಹೊಲಿಸುವುದು ಅವನ ಪದ್ಧತಿ. ಅವತ್ತು ಚಿಕ್ಕವ್ವನಿಗೆ ಕೆಲಸಕ್ಕೆ ರಜೆ. ಬೆಳಿಗ್ಗೆ ಹೋಗಿ ಚೀಲ ತಂದು ಹೊರಗೆ ಬಾಗಿಲ ಪಕ್ಕದ ಗೋಡೆಗೆ ಒರಗಿಸಿದ್ದಳು. ನಾನೂ ಅವಳನ್ನು ನೋಡಲು ಬಂದಿದ್ದೆ.

ಮಧ್ಯಾಹ್ನ ಸಾಹುಕಾರ ಇಬ್ಬರು ಆಳುಗಳೊಂದಿಗೆ ಬಂದ. ಊಟಕ್ಕೆ ಬೀಗ ಹಾಕಲು ಹೋದರೆ ಕೀಲಿ ಇರಲಿಲ್ಲವಂತೆ, ಫೋನು ಈ ಓಣಿಯನ್ನೇ ತೋರಿಸುತ್ತಿದೆಯಂತೆ. ಓಣಿಯಲ್ಲಿ ಎಷ್ಟೊಂದು ಮನೆಗಳಿದ್ದರೂ ಅವನ ಕಾಲುಗಳು ನೆಟ್ಟಗೆ ನಮ್ಮ ಬಾಗಿಲಿಗೇ ಬಂದವು, ಗಿರಣಿಗೆ ಹೋಗುವವಳು ಚಿಕ್ಕವ್ವ ಒಬ್ಬಳೇ ಎಂದು. ಮೊದಲು ಫೋನಿನಿಂದ ಆ ಬಿಲ್ಲೆಯನ್ನು ಕೂಗಿಸಿ ನೋಡಿ ಎಂದು ನಾನು ಹೇಳಿದೆ. ಒತ್ತಿದ. ಎಲ್ಲೋ ಸಣ್ಣಗೆ ಸದ್ದಾಯಿತು. ಅವನಿಗೆ ಅಷ್ಟೇ ಸಾಕಾಯಿತು. ಒಳಗೇ ಇದೆ ಎಂದು ಆಳುಗಳನ್ನು ನುಗ್ಗಿಸಿದ. ನಾನು ಅಡ್ಡ ನಿಂತೆ, ಬೈದೆ. ಕಾಲೇಜಿನಲ್ಲಿ ಪಾಠ ಹೇಳುವವಳ ಮಾತಿಗೆ ಅಲ್ಲಿ ಕಿಮ್ಮತ್ತಿರಲಿಲ್ಲ. ಜೋಳದ ಡಬ್ಬಿ ಬೋರಲಾಯಿತು, ಟ್ರಂಕಿನ ಸೀರೆಗಳು ನೆಲಕ್ಕೆ ಬಿದ್ದವು, ಓಣಿಯ ಮಂದಿಯೆಲ್ಲ ಬಂದು ನಿಂತರು. ಕಳ್ಳಿ ಎನ್ನಿಸಿಕೊಂಡರೆ ಊರಿನ ಯಾವ ಗಿರಣಿಯೂ ಚಿಕ್ಕವ್ವನನ್ನು ಒಳಗೆ ಬಿಡುವುದಿಲ್ಲ. ಬೆಳಿಗ್ಗೆ ಲಕ್ಷ್ಮಿಯ ಕೈ ಎಂದವನೇ ಮಧ್ಯಾಹ್ನ ಅದನ್ನು ಕಳ್ಳರ ಕೈ ಮಾಡಿದ್ದ. ನೆನೆದರೆ ಈಗಲೂ ಮೈ ಉರಿಯುತ್ತದೆ.

ಅವನು ಒಳಗೆ ನಿಂತು ಮತ್ತೆ ಒತ್ತಿದಾಗ ಸದ್ದು ಹೊರಗಿನಿಂದ ಬಂತು. ಚಿಕ್ಕವ್ವನೇ ಹೋಗಿ ತೌಡಿನ ಚೀಲಕ್ಕೆ ಕಿವಿ ಹಚ್ಚಿದಳು. ಹೊಲಿಗೆ ಗಿರಣಿಯದೇ, ಒಂದು ಎಳೆಯೂ ಬಿಚ್ಚಿರಲಿಲ್ಲ. ಎಲ್ಲರೆದುರು ಅದನ್ನು ಕೊಯ್ದು, ಮೊಳಕೈವರೆಗೆ ಕೈ ಇಳಿಸಿ, ಕುಂಕುಮ ಹತ್ತಿದ ಗೊಂಚಲನ್ನು ಹೊರಗೆಳೆದಳು. ಪೂಜೆ ಮಾಡಿ, ಎತ್ತಿಕೊಳ್ಳುವುದನ್ನು ಮರೆತು ಹೊಲಿಸಿದವನು ಅವನೇ. ಆ ಪುಣ್ಯಾತ್ಮ ನಕ್ಕ. ಸಿಕ್ಕಿತಲ್ಲ, ಬಿಡು ಎಂದು ಕೈ ಚಾಚಿದ.

ಚಿಕ್ಕವ್ವ ಕೊಡಲಿಲ್ಲ. ಗೊಂಚಲನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡು ಬಾಗಿಲ ಬಳಿ ಕೂತಳು.

"ತಗದಿದ್ದೆಲ್ಲ ಎಲ್ಲಿತ್ತೋ ಅಲ್ಲೇ ಇಡ್ರಿ ಸಾವ್ಕಾರ್ರೆ. ಆಳುಗೋಳು ಬ್ಯಾಡ, ನೀವ ಇಡ್ರಿ."

ಅವನು ಓಣಿಯ ಮಂದಿಯನ್ನು ನೋಡಿದ. ಆಮೇಲೆ ಫೋನು ಜೇಬಿಗಿಟ್ಟು, ಬಗ್ಗಿ ಒಳಗೆ ಹೋದ. ಜೋಳ ಬಳಿದು ಡಬ್ಬಿಗೆ ತುಂಬಿದ. ಸೀರೆ ಮಡಚಲು ಬರಲಿಲ್ಲ. ಉಂಡೆ ಮಾಡಿ ತುರುಕಲು ಹೋದರೆ ಚಿಕ್ಕವ್ವ ಹೊರಗೆ ತೆಗೆಸಿ ಮತ್ತೆ ಮಡಚಿಸಿದಳು. ಯಾರೂ ನಗಲಿಲ್ಲ. ನನಗೆ ಮಾತ್ರ ಅವನು ಇನ್ನೂ ಹತ್ತು ಸೀರೆ ಮಡಚಲಿ ಅನ್ನಿಸುತ್ತಿತ್ತು. ಕೊನೆಗೆ ಅವಳು ಗಂಟು ಬಿಚ್ಚಿ ಕೀಲಿ ಕೊಟ್ಟಳು. ನಾಳೆ ಕೆಲಸಕ್ಕೆ ಬಾ ಎಂದು ಗೊಣಗಿ ಹೋದ.

ಅವನ ಗಾಡಿ ಓಣಿ ದಾಟಿದ ಮೇಲೆ ಅವಳು ಟ್ರಂಕು ತೆರೆದಳು. ಅವನು ಮುಟ್ಟಿದ ಸೀರೆಗಳನ್ನೆಲ್ಲ, ಇನ್ನೂ ಉಡದೇ ಇಟ್ಟಿದ್ದ ಹೊಸದನ್ನೂ ಸೇರಿಸಿ, ಬಕೆಟ್ಟಿನಲ್ಲಿ ನೆನೆಹಾಕಿ ಒಂದೊಂದಾಗಿ ಒಗೆದಳು.