ಸದ್ದಿಲ್ಲದ ಜಗಳ

ಶನಿವಾರದ ಕೊನೆಯ ಪೀರಿಯಡ್ಡನ್ನು ಯಾವ ಮೇಷ್ಟ್ರೂ ಬೇಕೆಂದು ಕೇಳುವುದಿಲ್ಲ. ಮಕ್ಕಳ ಬ್ಯಾಗು ಆಗಲೇ ಹೆಗಲೇರಿರುತ್ತದೆ, ಮನಸ್ಸು ಗೇಟು ದಾಟಿರುತ್ತದೆ. ನಾನು ಮಾತ್ರ ಅದನ್ನು ಕಾಡಿ ಬೇಡಿ ಇಸಕೊಂಡೆ, ಒಂಬತ್ತನೇ ಕ್ಲಾಸಿಗೆ ನಾಟಕ ಕಲಿಸುತ್ತೇನೆಂದು. ಆಂಧ್ರದ ಗಡಿಯೊಳಗೆ, ರಾಯದುರ್ಗದ ಹತ್ತಿರದ ಹಳ್ಳಿಯೊಂದರ ಹೈಸ್ಕೂಲಿನಲ್ಲಿ ನಾನು ಕನ್ನಡ ಮೇಡಂ. ನಾಟಕ ನನ್ನ ಸಬ್ಜೆಕ್ಟಲ್ಲ, ನನ್ನ ಹಟ.

ಹಟ ಇದ್ದವರಿಗೆಲ್ಲ ಪಾಠ ಮಾಡಲು ಬರುತ್ತದೆ ಎಂದೇನಿಲ್ಲ. ಮೊದಲ ಶನಿವಾರ, ಯಾವುದೋ ಟ್ರೈನಿಂಗಿನಲ್ಲಿ ಕಲಿತದ್ದನ್ನು ನೆನಪಿಸಿಕೊಂಡು, ಕಣ್ಣು ಅರ್ಧ ಮುಚ್ಚಿ, ಗಂಭೀರವಾಗಿ ಹೇಳಿದೆ: “ಎಲ್ಲರೂ ಈಗ ಒಂದೊಂದು ಗಿಡ ಆಗ್ರಿ.”

“ಯಾವ ಗಿಡ್ರಿ ಮೇಡಂ? ಹುಣಸೇದಾ, ಜಾಲಿದಾ?” ಎಂದು ಲೋಕೇಶ ಕೇಳಿದ.

“ಯಾವುದಾದ್ರೂ ಆಗಪ್ಪ.”

“ನಾನು ಜಾಲಿ ಆಗ್ತೀನ್ರಿ. ಹಂಗಾದ್ರ ನನ್ನ ಹತ್ರ ಯಾರೂ ನಿಂದ್ರಬಾರ್ದು” ಎಂದವನೇ ಅಕ್ಕಪಕ್ಕದವರಿಗೆ ಬೆರಳುಗಳಿಂದ ಚುಚ್ಚತೊಡಗಿದ. ಹುಣಸೆಗಳೂ ಬೇವುಗಳೂ ತಿರುಗಿ ಬಿದ್ದವು. ಐದೇ ನಿಮಿಷದಲ್ಲಿ ಇಡೀ ತೋಪು ಬಡಿದಾಡುತ್ತಿತ್ತು.

ಅವತ್ತು ಮನೆಗೆ ಹೋಗುವಾಗ ಒಂದು ವಿಚಾರ ಹೊಳೆಯಿತು. ಗಿಡವಾಗಿ ನಿಂತಾಗ ಮಕ್ಕಳ ಮುಖ ಮಂಕಾಗಿತ್ತು, ಜಗಳಕ್ಕಿಳಿದಾಗ ಎಷ್ಟು ಬೆಳಕಾಯಿತು! ಹಾಗಾದರೆ ಜಗಳವನ್ನೇ ಪಾಠ ಮಾಡಿದರೇನು? ಮುಂದಿನ ವಾರಗಳಲ್ಲಿ ನಮ್ಮ ಕ್ಲಾಸಿನಲ್ಲಿ ನಲ್ಲಿ ನೀರಿನ ಜಗಳವಾಯಿತು, ಹೊಲದ ಬದುವಿನ ಜಗಳವಾಯಿತು, ಮದುವೆ ಊಟದಲ್ಲಿ ಹೋಳಿಗೆ ಸಾಲದೆ ಬೀಗರ ಜಗಳವಾಯಿತು. ನಮ್ಮ ಕಡೆಯ ಜಗಳಕ್ಕೆ ಒಂದು ಸೊಗಸಿದೆ. ಅದು ಕನ್ನಡದಲ್ಲಿ ಶುರುವಾಗುತ್ತದೆ, ಏರು ಬಂದ ಕೂಡಲೇ ಗೇರು ಬದಲಿಸಿ ತೆಲುಗಿಗೆ ಹೋಗುತ್ತದೆ, ರಾಜಿಯಾಗುವಾಗ ಮತ್ತೆ ಕನ್ನಡಕ್ಕೆ ಇಳಿಯುತ್ತದೆ. ಯಾವ ಪಠ್ಯದಲ್ಲೂ ಇಲ್ಲದ ಈ ವ್ಯಾಕರಣ ನಮ್ಮ ಮಕ್ಕಳಿಗೆ ಬಾಯಿಪಾಠ.

ಎಲ್ಲರಿಗಿಂತ ಮುಂದೆ ಸುಂಕಮ್ಮ. ಅವರ ಮನೆಯವರೆಲ್ಲ ಬೊಮ್ಮನಹಾಳ್ ಕಡೆ ಕಾಲುವೆ ಗದ್ದೆಗಳಿಗೆ ನಾಟಿಗೆ ಹೋಗುವವರು. ಒಂದು ಗದ್ದೆಯಿಂದ ಇನ್ನೊಂದು ಗದ್ದೆಗೆ ಮಾತಾಡಿ ಮಾತಾಡಿ ಪಳಗಿದ ಗಂಟಲು ಆ ಮನೆತನದ್ದು. ಉಳಿದ ಪೀರಿಯಡ್ಡುಗಳಲ್ಲಿ ಆ ಗಂಟಲಿಗೆ ಬೈಗುಳವೇ ಸಿಗುತ್ತಿತ್ತು. ನಾಟಕದ ಪೀರಿಯಡ್ಡಿನಲ್ಲಿ ಮೊದಲ ಸಲ ಚಪ್ಪಾಳೆ ಸಿಕ್ಕಿತು. ಅವತ್ತಿನಿಂದ ಅವಳು ಶನಿವಾರ ತಪ್ಪಿಸಿದವಳಲ್ಲ.

ಆದರೆ ನಮ್ಮ ಗೋಡೆಯ ಆಚೆ ಹತ್ತನೇ ಕ್ಲಾಸಿತ್ತು. ಅಲ್ಲಿ ಓಬಳೇಶ್ ಸಾರ್ ಗಣಿತ ಮಾಡುತ್ತಿದ್ದರು. ಪಬ್ಲಿಕ್ ಪರೀಕ್ಷೆಯ ಮಕ್ಕಳು. ತ್ರಿಕೋನದ ಮಧ್ಯೆ ಬೀಗರು ನುಗ್ಗಿದರೆ ಯಾರಿಗೆ ತಾನೆ ಸಿಟ್ಟು ಬರುವುದಿಲ್ಲ? ಒಂದು ದಿನ ಹೆಡ್ಮಾಸ್ಟರು ಕರೆಸಿದರು.

“ಮೇಡಂ, ಏನ್ರಿ ಇದು? ಶಾಲೆಯೋ ಸಂತೆಯೋ?”

“ನಾಟಕ ಅಲ್ಲೇನ್ರಿ ಸಾರ್, ಸದ್ದು ಆಗ್ತದ್ರಿ.”

“ಸದ್ದು ಬ್ಯಾಡ. ಬರೋ ಶನಿವಾರ ಆ ರೂಮಿನಿಂದ ಒಂದು ಕೂಗು ಕೇಳಿಸ್ಲಿ, ನಿಮ್ಮ ಪೀರಿಯಡ್ಡು ಗಣಿತದ ಸ್ಟಡಿ ಅವರ್ ಆಗ್ತದ. ಯಾಕ ಕಷ್ಟ ಹೇಳ್ರಿ?”

ಸದ್ದಿಲ್ಲದ ನಾಟಕವಂತೆ! ನಮ್ಮ ಸೀಮೆಯ ಬಯಲಾಟದವರು ಮೈಕಿಲ್ಲದ ಕಾಲದಲ್ಲಿ ಊರಾಚೆಯ ಕಣಕ್ಕೆ ಕೇಳುವಂತೆ ಹಾಡಿದವರು. ರಾಕ್ಷಸ ಬರುವ ಮೊದಲೇ ಅವನ ಆರ್ಭಟ ಬರಬೇಕು, ಮಲಗಿದ ಮಕ್ಕಳು ಎದ್ದು ಅವ್ವನ ಸೆರಗು ಹಿಡಿಯಬೇಕು, ಆಗಲೇ ಅದು ಆಟ. ಇಷ್ಟೆಲ್ಲವನ್ನೂ ಹೆಡ್ಮಾಸ್ಟರ ಎದುರು ನಿರರ್ಗಳವಾಗಿ ಹೇಳಿದೆ. ಹೇಳಿದ್ದು ಮನೆಗೆ ಬಂದು, ಒಲೆಯ ಮುಂದೆ ನಿಂತು. ಸಿಟ್ಟು ಬಂದಾಗ ನಾನು ಮುದ್ದೆ ಚೆನ್ನಾಗಿ ತಿರುವುತ್ತೇನೆ. ಅವತ್ತು ಒಂದು ಗಂಟೂ ಉಳಿಯಲಿಲ್ಲ. ಕೋಲು ಕೆಳಗಿಡುವ ಹೊತ್ತಿಗೆ ಪಾಠವೂ ತಯಾರಾಗಿತ್ತು. ಸದ್ದು ಬೇಡವೆಂದರಲ್ಲ, ಬೇಡ. ಜಗಳ ಬೇಡವೆಂದು ಯಾರೂ ಹೇಳಿರಲಿಲ್ಲ.

ಶನಿವಾರ ಬೆಂಚುಗಳನ್ನು ಸಾಲಾಗಿಟ್ಟು ಬಳ್ಳಾರಿ ಬಸ್ಸು ಮಾಡಿದೆವು. ಸುಂಕಮ್ಮ ಕಿಟಕಿಯಿಂದ ಟವೆಲು ಹಾಕಿ ಸೀಟು ಹಿಡಿಯುತ್ತಾಳೆ. ಅವಳು ಬಾಗಿಲಿನಿಂದ ಹತ್ತಿ ಬರುವಷ್ಟರಲ್ಲಿ ಲೋಕೇಶ ಆ ಟವೆಲಿನ ಮೇಲೆಯೇ ಕೂತಿರುತ್ತಾನೆ. ಮುಂದಿನದು ಅವರಿಗೆ ಬಿಟ್ಟದ್ದು. ಷರತ್ತು ಒಂದೇ, ಯಾರ ಬಾಯಿಂದಲೂ ಒಂದಕ್ಷರ ಬರಬಾರದು.

ಸುಂಕಮ್ಮನ ಮುಖ ಸಣ್ಣದಾಯಿತು. “ಬಾಯಿ ಕಟ್ಟಿದ್ರ ನಾಟಕ ಹೆಂಗ್ರಿ ಮೇಡಂ? ನನಗ ಬರೋದು ಅದೊಂದೇ.”

“ಇವತ್ತೊಂದಿನ ಅಷ್ಟವ್ವ. ಕೂಗಿದ್ರ ಪೀರಿಯಡ್ಡೇ ಹೋಗ್ತದ.”

ಅವಳು ನನ್ನನ್ನೂ ಗೋಡೆಯನ್ನೂ ಒಮ್ಮೆ ನೋಡಿದಳು. ಆಮೇಲೆ ತುಟಿ ಬಿಗಿದುಕೊಂಡು ಬಸ್ಸು ಹತ್ತಿದಳು.

ಆ ಜಗಳವನ್ನು ಹೇಗೆ ವರ್ಣಿಸಲಿ! ಅವಳು ಟವೆಲಿನ ಚುಂಗು ತೋರಿಸಿದಳು. ಅವನು ಕಿಟಕಿಯಾಚೆಯ ಗುಡ್ಡ ನೋಡಿದ. ಅವಳು ಚುಂಗು ಹಿಡಿದು ಜಗ್ಗಿದಳು, ಅವನು ಮೈ ಭಾರ ಮಾಡಿದ. ಅವಳು ಆಕಾಶಕ್ಕೆ ಕೈಯೆತ್ತಿ ಅವನ ಏಳು ತಲೆಮಾರಿಗೆ ಶಾಪ ಹಾಕಿದಳು, ಅವನು ತಲೆಮಾರುಗಳನ್ನು ಎಣಿಸುತ್ತ ಕೂತ. ಕೊನೆಗೆ ಅವಳು ಸೀದಾ ಹೋಗಿ ಅವನ ತೊಡೆಯ ಮೇಲೆ ತನ್ನ ಕಾಣದ ಬುಟ್ಟಿ ಇಟ್ಟಳು, ಬುಟ್ಟಿಯಿಂದ ಕಾಣದ ಕೋಳಿ ತೆಗೆದಳು. ಕೋಳಿ ಕುಕ್ಕಿದಲ್ಲೆಲ್ಲ ಲೋಕೇಶ ಸದ್ದಿಲ್ಲದೆ ಹೌಹಾರಿದ. ನಮ್ಮ ಮಕ್ಕಳು ಬಾಯಿಗೆ ಕರ್ಚೀಫು ತುರುಕಿಕೊಂಡು ಒದ್ದಾಡುತ್ತಿದ್ದರು.

ಆಗ ಶಾಲೆಯ ಹಂಚು ಹಾರುವಂಥ ನಗು ಕೇಳಿಸಿತು. ನಮ್ಮದಲ್ಲ. ಇವತ್ತೇಕೆ ಸದ್ದೇ ಇಲ್ಲವೆಂದು ನೋಡಲು ಪಕ್ಕದ ರೂಮಿನ ಹತ್ತನೇ ಕ್ಲಾಸಿನ ಅಷ್ಟೂ ಜನ ವರಾಂಡಕ್ಕೆ ಬಂದು ನಮ್ಮ ಕಿಟಕಿಗೆ ಜೋತುಬಿದ್ದಿದ್ದರು. ಅವರನ್ನು ಒಳಗೆ ಎಳೆಯಲು ಬಂದ ಓಬಳೇಶ್ ಸಾರ್ ಕೈಯಲ್ಲಿ ಚಾಕ್‌ಪೀಸು ಹಿಡಿದು ಅವರ ನಡುವೆಯೇ ನಿಂತಿದ್ದರು, ಕಣ್ಣು ಒರೆಸಿಕೊಳ್ಳುತ್ತ.

ಹೆಡ್ಮಾಸ್ಟರು ದಡದಡ ಬಂದರು. “ಏನ್ರಿ ಗದ್ದಲ ಇದು, ಮೇಡಂ!” ಎಂದವರು ಒಳಗೆ ನೋಡಿದರೆ ನಮ್ಮ ಕ್ಲಾಸು ಪೂರಾ ಮೌನ. ಹೊರಗೆ ಗಣಿತ ಬಿದ್ದು ಬಿದ್ದು ನಗುತ್ತಿತ್ತು. ಅವರು ಒಂದು ಗಳಿಗೆ ತಡವರಿಸಿ, ಪಾಪ, ದೊಡ್ಡ ಮನಸ್ಸಿನಿಂದಲೇ ಅಂದರು: “ಭೇಷ್ ಮೇಡಂ. ಇನ್ನು ಮುಂದ ಯಾವಾಗ್ಲೂ ಹಿಂಗೇ ಮಾಡಿಸ್ರಿ.”

ಅಲ್ಲಿಗೆ ನಾನು ಗೆದ್ದೆನೆಂದು ಸುಮ್ಮನಾಗಬಹುದಿತ್ತು. ಆದರೆ ಸುಂಕಮ್ಮನ ಕಡೆ ನೋಡಿದೆ. ‘ಯಾವಾಗ್ಲೂ’ ಎಂಬ ಮಾತು ಅವಳ ಕಿವಿಗೆ ಬಿದ್ದಿತ್ತು. ಅಷ್ಟು ನಗಿಸಿದ ಹುಡುಗಿ ನಗುತ್ತಿರಲಿಲ್ಲ.

“ಇಲ್ರಿ ಸಾರ್,” ಎಂದೆ. ಈ ಸಲ ಒಲೆಯ ಮುಂದಲ್ಲ, ಅವರ ಮುಂದೆಯೇ. “ಬಾಯಿ ಮುಚ್ಕೊಂಡು ಹೆಂಗಿರಬೇಕು ಅಂತ ಈ ಮಕ್ಕಳಿಗೆ ಕಲಿಸೋರು ಊರ ತುಂಬ ಅದಾರ. ನಾನೂ ಅದನ್ನೇ ಕಲಿಸೋದಾದ್ರ ನಾಟಕ ಯಾಕ್ರಿ? ಬರೋ ಶನಿವಾರ ಮಾತಾಡ್ತೀವಿ.”

ಹೆಡ್ಮಾಸ್ಟರ ಹುಬ್ಬು ಮೇಲೇರಿತು. ಓಬಳೇಶ್ ಸಾರ್ ಕೆಮ್ಮಿದರು. “ಸಾರ್, ನಾನೇ ಕ್ಲಾಸನ್ನ ಆ ತುದಿ ರೂಮಿಗೆ ಒಯ್ತೀನ್ರಿ. ಇಲ್ಲಿದ್ರ ಅವ್ರು ಮಾತಾಡಿದ್ರೂ ಕಷ್ಟ, ಸುಮ್ಮನಿದ್ರೂ ಕಷ್ಟ.” ಹೆಡ್ಮಾಸ್ಟರು ಹೂಂ ಎನ್ನಲಿಲ್ಲ, ಊಹೂಂ ಎಂದೂ ಅನ್ನದೆ ಹೊರಟುಹೋದರು. ನಾನು ಅದನ್ನು ಹೂಂ ಎಂದೇ ಹಿಡಿದೆ.

ಈ ಪೀರಿಯಡ್ಡು ಎಷ್ಟು ದಿನ ಉಳಿಯುತ್ತದೋ ಹೇಳಲಾರೆ. ಮುಂದಿನ ಶನಿವಾರಕ್ಕಂತೂ ಉಳಿಯಿತು. ಸುಂಕಮ್ಮ ಎದ್ದು ನಿಂತು ಮೊದಲ ಮಾತು ಆಡಿದ್ದೇ ಶಾಲೆಯಂಗಳದ ಬೇವಿನ ಗಿಡದ ಕಾಗೆಗಳು ಹಾರಿದವು, ದೂರದಲ್ಲಿ ಹೆಡ್ಮಾಸ್ಟರ ರೂಮಿನ ಕಿಟಕಿ ಪಟ್ಟೆಂದು ಮುಚ್ಚಿಕೊಂಡಿತು. ಇಷ್ಟು ವರ್ಷದ ಮೇಷ್ಟ್ರಿಕೆಯಲ್ಲಿ ನನ್ನ ಬಾಯಿಂದ ಅತಿ ಹೆಚ್ಚು ಹೊರಟ ಅಕ್ಷರ ‘ಶ್’. ರೂಢಿಯ ಬಲದಿಂದ ಬೆರಳು ತಾನಾಗಿ ತುಟಿಗೆ ಹೋಯಿತು. ಅದನ್ನು ಇಳಿಸಿ ಹೇಳಿದೆ:

“ಇನ್ನೂ ಜೋರಾಗಿ, ಸುಂಕಮ್ಮ. ಹಿಂದಿನೋರಿಗೆ ಕೇಳಸ್ತಿಲ್ಲ.”