ಪೀಟಿ ಟೀಚರ ದನಿ ಕಾರಿಗೆ ಸೇರಿದ್ದು

ಪೀಟಿ ಟೀಚರು ಸೀಟಿ ಊದಿದ್ದನ್ನು ಕಂಡವರಿಲ್ಲ. ಸ್ಕೂಲಿನವರು ಕೊಟ್ಟ ಸೀಟಿ ಅವರ ಮೇಜಿನ ಡ್ರಾಯರಿನಲ್ಲಿ ಹರಿದ ಸ್ಕಿಪ್ಪಿಂಗ್ ಹಗ್ಗದ ಜೊತೆ ಬಿದ್ದಿರುತ್ತಿತ್ತು. ಅವರಿಗೆ ಅದು ಬೇಕಾಗಿರಲೇ ಇಲ್ಲ. ಮೈದಾನದ ಈ ತುದಿಯಲ್ಲಿ ನಿಂತು "ಏಯ್" ಅಂದರೆ ಸಾಕು, ಆ ತುದಿಯ ಕಾಂಪೌಂಡ್ ಹತ್ತುತ್ತಿದ್ದವನು ಅಲ್ಲೇ ಹಲ್ಲಿಯ ಹಾಗೆ ಅಂಟಿಕೊಳ್ಳುತ್ತಿದ್ದ. ಚೆಂಡಿನ ಹಿಂದೆ ರಸ್ತೆಗೆ ಓಡಿದ ಮಗು ಗೇಟಿನಲ್ಲೇ ಗಕ್ಕನೆ ನಿಲ್ಲುತ್ತಿತ್ತು. ಆ ದನಿಯ ಕೃಪೆಯಿಂದ ಕೈಕಾಲು ನೆಟ್ಟಗೆ ಉಳಿಸಿಕೊಂಡು ದೊಡ್ಡವರಾದವರು ಬೇಕಾದಷ್ಟು ಜನ ಇದ್ದಾರೆ. ಹಾಗಂತ ಟೀಚರು ಹೊತ್ತುಗೊತ್ತಿಲ್ಲದೆ ಕೂಗಾಡುವವರಲ್ಲ. ಕೂಗಿದರೆ ಕೆಲಸ ಆಗಬೇಕು, ಇಲ್ಲದಿದ್ದರೆ ಬಾಯಿ ಮುಚ್ಚಿಕೊಂಡಿರಬೇಕು ಅನ್ನುವ ಪೈಕಿ ಅವರು.

ಇಂಥ ಹೆಂಗಸಿಗೆ ಸಿಕ್ಕಿದ ಗಂಡ ನಲ್ಲಿ, ಪೈಪು, ಕಮೋಡುಗಳ ಅಂಗಡಿಯವನು. ಬೀದಿಯವರು ಬೆನ್ನ ಹಿಂದೆ ಅವನನ್ನು ನಲ್ಲಿ ಸಾಹುಕಾರ ಅನ್ನುತ್ತಿದ್ದರು. ಮನುಷ್ಯ ಕೆಟ್ಟವನಲ್ಲ, ಜಂಭ ಮಾತ್ರ ಮೈತುಂಬ. ಟೀಚರ ಅಕ್ಕನ ಗಂಡ, ಅಂದರೆ ಇವನ ಷಡ್ಡಕ, ಉದ್ದನೆಯದೊಂದು ಕಾರು ತಂದ ದಿನದಿಂದ ಇವನಿಗೆ ತಿಂದದ್ದು ಮೈಗೆ ಹತ್ತಲಿಲ್ಲ. ಕೊನೆಗೆ ಯಾರೋ ದೊಡ್ಡ ಶ್ರೀಮಂತರು ಓಡಿಸಿ, ಬೇಸರ ಬಂದು ಮಾರಿದ ಕೂಪೆ ಕಾರೊಂದನ್ನು ತಂದು ಮನೆ ಮುಂದೆ ನಿಲ್ಲಿಸಿದ. ಅದಕ್ಕೆ ಎರಡೇ ಬಾಗಿಲು, ಒಂದೊಂದೂ ಬೀರುವಿನ ಬಾಗಿಲಿನಷ್ಟು ಉದ್ದ, ಅಷ್ಟೇ ಭಾರ. ಹಿಂದಿನ ಸೀಟಿಗೆ ಹೋಗಬೇಕಾದರೆ ಮುಂದಿನ ಸೀಟು ಮಡಚಿ, ತಲೆ ಬಗ್ಗಿಸಿ, ಒಂದು ಕಾಲನ್ನು ಮೊದಲು ಒಳಗೆ ಕಳಿಸಿ, ಇನ್ನೊಂದನ್ನು ಯಾರ ಕೈಲಾದರೂ ತಳ್ಳಿಸಿಕೊಳ್ಳಬೇಕು. ದಿನವೂ ಮಕ್ಕಳಿಗೆ ಕಸರತ್ತು ಮಾಡಿಸುವ ಟೀಚರೇ ಒಮ್ಮೆ ಹತ್ತಿ ಇಳಿದು ಉಸಿರು ಬಿಟ್ಟು, "ಇದನ್ನ ನಮ್ಮ ಸ್ಪೋರ್ಟ್ಸ್ ಡೇಗೆ ಇಡಬಹುದು ಕಣ್ರೀ, ಹತ್ತಿದೋರಿಗೆಲ್ಲ ಬಹುಮಾನ ಕೊಡೋಣ" ಅಂದರು.

ಆ ಕಾರಿನಲ್ಲಿ ಟೀಚರಿಗೆ ಇಷ್ಟವಾದದ್ದು ಒಂದೇ, ಅದರ ಹಾಡು. ಕಂಪನಿಯವರು ಹಾಕಿ ಕಳಿಸಿದ ಸ್ಪೀಕರುಗಳು ಎಲ್ಲಿವೆ ಅಂತ ಹುಡುಕಿದರೂ ಕಾಣುತ್ತಿರಲಿಲ್ಲ, ಆದರೆ ಹಾಡುವವರು ಪಕ್ಕದಲ್ಲೇ ಕೂತು ಹಾಡಿದ ಹಾಗಿರುತ್ತಿತ್ತು. ಸ್ಕೂಲಿನಿಂದ ಬಂದು ಕಾಲು ಚಾಚಿ ಅದರಲ್ಲಿ ಸ್ವಲ್ಪ ಹೊತ್ತು ಕೂತರೆ ಮೈದಾನದ ಗದ್ದಲವೆಲ್ಲ ಕಿವಿಯಿಂದ ಇಳಿದುಹೋಗುತ್ತಿತ್ತು. ಸಾಹುಕಾರನಿಗೆ ಅಷ್ಟರಿಂದ ತೃಪ್ತಿ ಎಲ್ಲಿಂದ ಬರಬೇಕು? ಹಾಡು ಒಳಗೆ ಕೂತವರಿಗೆ ಮಾತ್ರ ಕೇಳುತ್ತೆ, ಬೀದಿಯವರಿಗೆ ಕೇಳಲ್ಲ ಅನ್ನುವುದೇ ಅವನ ಕೊರಗು. ಸೌಂಡ್ ಅಂಗಡಿಯ ಫಿಟ್ಟರನ ಹತ್ತಿರ ಹೋದ. ಆ ಫಿಟ್ಟರೋ, ಗಿರಾಕಿಯ ಮುಖ ನೋಡಿಯೇ ಕಾಯಿಲೆ ಹೇಳುವ ಪೈಕಿ. "ಏನ್ ಸಾರ್, ಇಂಥಾ ಕಾರಲ್ಲಿ ಇನ್ನೂ ಕಂಪನಿ ಸ್ಪೀಕರ್ ಇಟ್ಕೊಂಡಿದ್ದೀರಾ?" ಅಂತ ಕೇಳಿದ. ಅಷ್ಟು ಕೇಳಿದ್ದೇ ತಡ, ಸಾಹುಕಾರನ ಮಾನ ಹೋದ ಹಾಗಾಯಿತು.

ಕಾರು ವಾಪಸ್ ಬಂದಾಗ ಅದರ ಗುರುತೇ ಸಿಗಲಿಲ್ಲ. ಬಾಗಿಲಿನ ಒಳಗಿನ ಹೊದಿಕೆ ಕುಯ್ದು ತಟ್ಟೆಯಗಲದ ಸ್ಪೀಕರ್ ಕೂರಿಸಿದ್ದ. ಡಿಕ್ಕಿಯ ತುಂಬ ಒಂದು ಕಪ್ಪು ಪೆಟ್ಟಿಗೆ, ಅದರ ಪಕ್ಕ ಆಂಪ್ಲಿಫೈಯರ್, ಅದರ ಮೇಲೆ ನೀಲಿ ದೀಪ. ಹಾಡು ಹಾಕಿದರೆ ಹಾಡುವವರು ಮಾಯ, ಬರೀ ಡಬ್ ಡಬ್ ಅಂತ ಎದೆಗೆ ಗುದ್ದಿದ ಹಾಗೆ. ನಂಬರ್ ಪ್ಲೇಟು ಗಡಗಡ ನಡುಗುತ್ತಿತ್ತು, ಪಕ್ಕದ ಮನೆಯ ಕಿಟಕಿ ಗಾಜು ಅದಕ್ಕೆ ತಾಳ ಹಾಕುತ್ತಿತ್ತು. ತರಕಾರಿ ಚೀಲ ಇಡಲು ಡಿಕ್ಕಿಯಲ್ಲಿ ಜಾಗವಿಲ್ಲದೆ ಟೀಚರು ಅದನ್ನು ತೊಡೆ ಮೇಲಿಟ್ಟುಕೊಂಡು ಕೂರಬೇಕಾಯಿತು. ಸಂಜೆ ಕಾರಿನಲ್ಲಿ ಕೂರುವುದನ್ನು ಬಿಟ್ಟರು. ಹೋಗಲಿ, ಅವನ ಆಸೆ ಅವನದು ಅಂತ ಅದನ್ನೂ ನುಂಗಿಕೊಂಡರು.

ಆಮೇಲೆ ಅಲಾರಂ ಸರದಿ. ಕಂಪನಿಯ ಅಲಾರಂ ಎಲ್ಲರ ಕಾರಿನ ಹಾಗೆ ಪೀಂಯ್ ಪೀಂಯ್ ಅನ್ನುತ್ತಿತ್ತು, ಷಡ್ಡಕನ ಕಾರೂ ಹಾಗೇ ಅನ್ನುತ್ತಿತ್ತು. ಅದು ಸಾಹುಕಾರನಿಗೆ ಸಹಿಸಲಾಗಲಿಲ್ಲ. ಫಿಟ್ಟರ್ ಮಾತಾಡುವ ಅಲಾರಂ ತೋರಿಸಿದ. ಯಾರಾದರೂ ಮುಟ್ಟಿದರೆ ಕೂಗಿ ಬೈಯುತ್ತದೆ, ಬೇಕಾದ ದನಿ ತುಂಬಿಕೊಳ್ಳಬಹುದು, ನಾಲ್ಕು ಮಾತು ಹಿಡಿಯುತ್ತದೆ. ಸಾಹುಕಾರ ಮೊದಲು ತನ್ನದೇ ದನಿ ತುಂಬಿ ನೋಡಿದ. "ಯಾರದು?" ಅಂತ ಗದರಿದ್ದು ಸ್ಪೀಕರಿನಿಂದ ಬರುವಾಗ, ಮನೆಯಲ್ಲಿ ಯಾರಾದರೂ ಇದ್ದೀರಾ ಸ್ವಾಮೀ ಅಂತ ಕೇಳಿದ ಹಾಗಿತ್ತು. ಫಿಟ್ಟರ್ ಮುಖ ತಿರುಗಿಸಿಕೊಂಡು ನಕ್ಕ. ಆಗ ಸಾಹುಕಾರನಿಗೆ ಮನೆಯಲ್ಲಿದ್ದ ದನಿ ನೆನಪಾಯಿತು.

ಅವತ್ತು ಸಂಜೆ ಅಂಗಡಿಯಿಂದ ಬಂದವನು ಕೈ ತೊಳೆಯಲಿಲ್ಲ. ಪೈಪಿನ ತಿರುಪಿಗೆ ಹಚ್ಚುವ ಕಪ್ಪು ಅಂಟು ಬೆರಳಿಗೆಲ್ಲ ಮೆತ್ತಿತ್ತು. ಟೀಚರು ಇಸ್ತ್ರಿ ಮಾಡಿ ಮಂಚದ ಮೇಲೆ ಹರಡಿದ್ದ ಬಿಳಿ ಯೂನಿಫಾರಮ್ಮಿನ ಮೇಲೆ ಸೀದಾ ಹೋಗಿ ಅಂಗೈ ಊರಿ ಕೂತ. ಜೇಬಿನಲ್ಲಿ ಫೋನು ಕಿವಿ ತೆರೆದುಕೊಂಡಿತ್ತು.

"ಕಣ್ಣು ಕಾಣಲ್ವಾ ನಿಮಗೆ? ಕೈ ತೆಗೀರಿ ಅದರ ಮೇಲಿಂದ! ಮನುಷ್ಯ ಅನ್ನಿಸ್ಕೊಂಡೋರು ಮಾಡೋ ಕೆಲಸವಾ ಇದು? ನಾಚಿಕೆ ಆಗಲ್ವಾ?"

ಸರಿಯಾಗಿ ನಾಲ್ಕು ಮಾತು. ಸಾಹುಕಾರ ತಲೆ ತಗ್ಗಿಸಿ ಎದ್ದು ಹೋದ. ಇಷ್ಟು ಬೇಗ ತಪ್ಪು ಒಪ್ಪಿಕೊಂಡ ಗಂಡನನ್ನು ನೋಡಿ ಟೀಚರಿಗೆ ಪಾಪ ಅನ್ನಿಸಿತು. ಅದೇ ಅವರು ಮಾಡಿದ ತಪ್ಪು.

ಎರಡು ದಿನ ಬಿಟ್ಟು ಬೆಳಿಗ್ಗೆ ಬಚ್ಚಲಲ್ಲಿ ಹಲ್ಲುಜ್ಜುತ್ತಿದ್ದಾಗ ರಸ್ತೆಯಲ್ಲಿ ಯಾವಳೋ ಗಂಟಲು ಹರಿದುಕೊಳ್ಳುವುದು ಕೇಳಿಸಿತು. ಯಾವ ಬಜಾರಿಯಪ್ಪಾ ಇವಳು, ಬೆಳಬೆಳಗ್ಗೆ ಯಾರ ಮರ್ಯಾದೆ ತೆಗೀತಿದ್ದಾಳೆ ಅಂದುಕೊಂಡು ಬಾಯ್ತುಂಬ ನೊರೆ ಇಟ್ಟುಕೊಂಡೇ ಕಿವಿಗೊಟ್ಟರು. "ಮನುಷ್ಯ ಅನ್ನಿಸ್ಕೊಂಡೋರು" ಅನ್ನುವಷ್ಟರಲ್ಲಿ ಬ್ರಶ್ಶು ಕೈಯಿಂದ ಜಾರಿತು. ಹೊರಗೆ ಹಾಲಿನವನು ಸೈಕಲ್ ಹಿಡಿದುಕೊಂಡು, ಕಾರಿಗೆ ಕೈಮುಗಿದು, "ಗೊತ್ತಾಗಲಿಲ್ಲ ಟೀಚರ್, ಹ್ಯಾಂಡಲ್ ತಾಗಿಬಿಡ್ತು" ಅನ್ನುತ್ತಿದ್ದ. ಗೇಟಿನ ಹತ್ತಿರ ಸಾಹುಕಾರ ಎದೆ ಉಬ್ಬಿಸಿ ನಿಂತಿದ್ದ.

ಟೀಚರು ಸರಿಯಾಗಿಯೇ ಮಂಗಳಾರತಿ ಎತ್ತಿದರು. ಅವನು ಜಗ್ಗಲಿಲ್ಲ. "ಸುಮ್ನಿರೇ, ನಿನ್ನ ದನಿಗೆ ಎಂಥಾ ಬೆಲೆ ಬಂದಿದೆ ನೋಡು. ಬೇರೆ ಹೆಂಗಸರ ದನಿ ಅಡುಗೆಮನೆ ದಾಟಲ್ಲ" ಅಂದ. ಹೊಗಳಿದೆ ಅಂದುಕೊಂಡೇ ಅಂದ, ಅದೇ ಇನ್ನೂ ಉರಿ.

ಅಲಾರಮ್ಮಿನ ಸೂಕ್ಷ್ಮತೆಯ ತಿರುಪನ್ನು ಕೊನೆಯ ಗೆರೆಯವರೆಗೆ ತಿರುಗಿಸಿಟ್ಟಿದ್ದ ಪುಣ್ಯಾತ್ಮ. ಬೆಕ್ಕು ಹಾರಿದರೆ ಬೈಗುಳ, ಲಾರಿ ಹೋದರೆ ಬೈಗುಳ, ಎಲೆ ಉದುರಿದರೆ ನಾಚಿಕೆ ಆಗಲ್ವಾ. ಮೊದಮೊದಲು ಜನ ಬೆಚ್ಚಿದರು. ಆಮೇಲೆ ನಕ್ಕರು. ಆಮೇಲೆ ನಗುವುದನ್ನೂ ಬಿಟ್ಟರು, ಫ್ಯಾನಿನ ಸದ್ದಿನ ಹಾಗೆ ಅದು ಯಾರ ಕಿವಿಗೂ ಬೀಳದಾಯಿತು. ಟೀಚರಿಗೆ ಎದೆ ಧಸಕ್ಕೆಂದದ್ದು ಆಗಲೇ. ಸ್ಕೂಲಿನಲ್ಲಿ ಅವರು "ಸಾಲಲ್ಲಿ ನಿಲ್ಲಿ" ಅಂದರೆ ಹಿಂದಿನಿಂದ ಯಾರೋ "ಕಣ್ಣು ಕಾಣಲ್ವಾ?" ಅಂತ ಮುಂದುವರಿಸುತ್ತಿದ್ದರು, ಇಡೀ ಸಾಲು ಕಿಸಕ್ಕನೆ ನಗುತ್ತಿತ್ತು. ಒಂದು ಮಧ್ಯಾಹ್ನ ಹುಡುಗಿಯೊಬ್ಬಳು ಕಾಂಪೌಂಡಿನ ಮೇಲೆ ನಡೆಯುತ್ತಿದ್ದಳು. ಟೀಚರು ಕೂಗಿದರು. ಅವಳು ನಿಲ್ಲಲಿಲ್ಲ, ತಿರುಗಿ ನಕ್ಕು, ಇನ್ನೂ ನಾಲ್ಕು ಹೆಜ್ಜೆ ಇಟ್ಟಳು. ಟೀಚರು ಓಡಿಹೋಗಿ ಕಾಲು ಹಿಡಿದು ಇಳಿಸಬೇಕಾಯಿತು. ಅವಳಿಗೆ ಏನೂ ಆಗಲಿಲ್ಲ. ನನ್ನ ಕೂಗಿಗೆ ಮಕ್ಕಳು ನಿಲ್ಲದಿದ್ದರೆ ನಾನು ಅಲ್ಲಿದ್ದು ಏನು ಮಾಡಲಿ ಅಂತ ಅವರಿಗೆ ಅಳುವೇ ಬಂತು.

ಮನೆಗೆ ಬಂದು ಇಷ್ಟನ್ನೂ ಹೇಳಿದರು. ಸಾಹುಕಾರ ಕಾರಿನ ರಿಮೋಟನ್ನು ಅವರ ಕಡೆಗೇ ಹಿಡಿದು, "ಟಿಕ್ ಟಿಕ್, ಆಫ್ ಮಾಡ್ಲಾ?" ಅಂತ ಹಲ್ಲು ಕಿರಿದ.

"ರೀ, ತಮಾಷೆ ಅಲ್ಲ. ಅದನ್ನ ತೆಗೆಸಿ. ಬೇಕಾದ್ರೆ ನಾಯಿ ಬೊಗಳಿಸಿ."

"ನಾಯಿ ಎಲ್ಲರ ಮನೇಲೂ ಬೊಗಳುತ್ತೆ ಕಣೇ. ಭಾನುವಾರ ಭಾವ ಬರ್ತಿದ್ದಾರೆ, ಅವರು ಒಂದ್ಸಲ ಕೇಳಲಿ. ಆಮೇಲೆ ನೋಡೋಣ."

ಈ 'ಆಮೇಲೆ ನೋಡೋಣ' ಅನ್ನುವುದನ್ನು ಟೀಚರು ಮದುವೆಯಾದಂದಿನಿಂದ ಕೇಳಿದ್ದರು. ಆ ಆಮೇಲೆ ಅನ್ನುವುದು ಇವತ್ತಿನವರೆಗೂ ಬಂದಿಲ್ಲ.

ಭಾನುವಾರ ಷಡ್ಡಕ ಬಂದ. ದಪ್ಪನೆಯ, ನಿಧಾನದ ಮನುಷ್ಯ, ಯಾವುದಕ್ಕೂ ಒಮ್ಮೆಲೇ ಬೆರಗಾಗುವವನಲ್ಲ. ಸಾಹುಕಾರ ಅವನನ್ನು ಒಳಗೂ ಬಿಡದೆ ಕಾರಿನ ಹತ್ತಿರ ಎಳೆದೊಯ್ದ. ಸೌಂಡ್ ಕೇಳಿಸಿದ. ಷಡ್ಡಕ ಕಿವಿಯಲ್ಲಿ ಬೆರಳಾಡಿಸಿಕೊಂಡು, "ಜೋರಾಗಿದೆ" ಅಂದ, ಅಷ್ಟೇ. ಅಲಾರಂ ತೋರಿಸಲು ಹೊರಟರೆ ದಿನವೂ ಎಲೆ ಬಿದ್ದರೂ ಕೂಗುತ್ತಿದ್ದ ಕಾರು ಅವತ್ತು ಗುದ್ದಿದರೂ ಸುಮ್ಮನಿತ್ತು. ಬಾಗಿಲು ತೆರೆದಿದ್ದರೆ ಅದು ಕೂಗುವುದಿಲ್ಲ, ಷಡ್ಡಕ ಬಾಗಿಲು ಹಾರುಹೊಡೆದು ಪಕ್ಕದ ಸೀಟಿನಲ್ಲಿ ಕೂತಿದ್ದ. ಅಷ್ಟು ಸಣ್ಣ ವಿಷಯ ಸಾಹುಕಾರನ ತಲೆಗೆ ಹೊಳೆಯಲಿಲ್ಲ. ಎಡಗೈಯಲ್ಲಿ ರಿಮೋಟ್ ಒತ್ತುತ್ತಾ, ಬೆವರುತ್ತಾ, ಬಲಗೈಯನ್ನು ಬಾಗಿಲ ಸಂದಿಯ ಕಂಬದ ಮೇಲೆ ಊರಿಕೊಂಡು, "ಈಗ ಕೂಗುತ್ತೆ ನೋಡಿ ಭಾವ, ಈಗ ಕೂಗುತ್ತೆ" ಅನ್ನುತ್ತಿದ್ದ.

"ಒಳಗಿಂದ ಹೇಗೆ ಕೇಳುತ್ತೆ ನೋಡೋಣ" ಅಂತ ಷಡ್ಡಕ ಬಾಗಿಲಿನ ಹಿಡಿಗೆ ಕೈ ಹಾಕಿದ.

ಮೆಟ್ಟಿಲ ಮೇಲೆ ಚಹಾದ ತಟ್ಟೆ ಹಿಡಿದು ಬರುತ್ತಿದ್ದ ಟೀಚರು ನೋಡಿದರು. ಬಾಗಿಲು ಹೊರಟಿತ್ತು, ಗಂಡನ ಬೆರಳು ಸಂದಿಯಲ್ಲಿತ್ತು.

"ಕೈ ತೆಗೀರಿ ಅದರ ಮೇಲಿಂದ!"

ಆಗ ಸಾಹುಕಾರನ ಮುಖ ನೋಡಬೇಕಿತ್ತು. ಊರಗಲ ಅರಳಿತು. "ಕೇಳಿದ್ರಾ ಭಾವ! ಹೇಗಿದೆ? ಮುಟ್ಟಿದ ತಕ್ಷಣ!" ಅಂದ. ಕೈ ಅಲ್ಲೇ ಇಟ್ಟುಕೊಂಡೇ ಅಂದ. ಯಾವುದಕ್ಕೂ ಬೆರಗಾಗದ ಷಡ್ಡಕ ಅವತ್ತು ಬೆರಗಾಗಿ, "ಪರವಾಗಿಲ್ಲವೇ!" ಅಂದು ಬಾಗಿಲನ್ನು ಎಳೆದುಕೊಂಡ.

ಆಮೇಲೆ ಬಂದ ಕೂಗು ಸಾಹುಕಾರನದೇ. ಫಿಟ್ಟರ್ ಅಂಗಡಿಯಲ್ಲಿ ಬಾರದ ದನಿ ಆಗ ಬಂತು. ಅದನ್ನು ತುಂಬಿದ್ದರೆ ಕಳ್ಳನೇನು, ಪೊಲೀಸರೂ ಓಡಿಹೋಗುತ್ತಿದ್ದರು. ಬೀದಿಯವರು ಮಾತ್ರ ಒಬ್ಬರೂ ಹೊರಗೆ ಬರಲಿಲ್ಲ. ಆ ಮನೆ ಮುಂದಿನ ಗಲಾಟೆ ಅಂದರೆ ಕಾರಿನದು ಅಂತ ಅವರಿಗೆ ಅಭ್ಯಾಸವಾಗಿತ್ತು.

ಷಡ್ಡಕನ ಉದ್ದನೆಯ ಕಾರಿನಲ್ಲೇ ಆಸ್ಪತ್ರೆಗೆ ಹೋದದ್ದು. ಮೂಳೆ ಡಾಕ್ಟರು ಚಿತ್ರ ತೆಗೆಸಿ ನೋಡಿ, ಮೂರು ಬೆರಳು ಮುರಿದಿದೆ ಅಂದರು. ಪಟ್ಟಿ ಸುತ್ತುತ್ತಾ, "ಅಲ್ರೀ, ಅಷ್ಟು ಜನ ಇದ್ದು ಒಬ್ಬರಾದರೂ ಕೂಗಿ ಹೇಳಬಾರದಾ?" ಅಂತ ಕೇಳಿದರು.

"ಕಾರು ಕೂಗ್ತು ಡಾಕ್ಟ್ರೇ" ಅಂದ ಸಾಹುಕಾರ. ನೋವಲ್ಲೂ ಒಂಚೂರು ಜಂಭ ಇತ್ತು. "ಎಂಥಾ ಅಲಾರಂ ಅಂತೀರಿ."

"ಕಾರಲ್ಲ, ನಾನು ಕೂಗಿದ್ದು" ಅಂದರು ಟೀಚರು.

ಅವನು ತಿರುಗಿ ನೋಡಿದ. "ನೀನಾ?"

"ನಾನೇ. ಮೆಟ್ಟಿಲ ಮೇಲಿಂದ."

ಸಾಹುಕಾರ ಸೂರು ನೋಡುತ್ತಾ ಯೋಚನೆಗೆ ಬಿದ್ದ. ಈಗಲಾದರೂ ಗೊತ್ತಾಯಿತಲ್ಲ, ಈಗ ಏನಾದರೂ ಒಂದು ಒಳ್ಳೇ ಮಾತು ಆಡುತ್ತಾನೆ ಅಂತ ಟೀಚರು ಕಾದರು. ಡಾಕ್ಟರೂ ಕೈ ನಿಲ್ಲಿಸಿ ಕಾದರು.

"ಹಾಗಾದ್ರೆ ಕಾರು ಯಾಕೆ ಕೂಗ್ಲಿಲ್ಲ?" ಅಂದ ಸಾಹುಕಾರ.

ಬೈಸಿಕೊಳ್ಳುವುದಕ್ಕೂ ಒಂದು ಯೋಗ್ಯತೆ ಬೇಕು. ಟೀಚರು ಬೈಯಲಿಲ್ಲ. ಮಾರನೆಯ ದಿನ ಅವನು ಮಾತ್ರೆ ನುಂಗಿ ಮಲಗಿದ್ದಾಗ ಕೀ ತೆಗೆದುಕೊಂಡು, ಇಷ್ಟು ದಿನ ಅವನು ಸ್ಟೀರಿಂಗ್ ಮುಟ್ಟಲೂ ಬಿಡದಿದ್ದ ಆ ಕಾರನ್ನು ತಾವೇ ಓಡಿಸಿಕೊಂಡು ಫಿಟ್ಟರನ ಹತ್ತಿರ ಹೋದರು. ಫಿಟ್ಟರ್ ಅವರ ದನಿ ಕೇಳಿದ್ದೇ ಎದ್ದು ನಿಂತ.

"ಅಯ್ಯೋ, ಅಳಿಸ್ಬೇಡಿ ಮೇಡಂ, ಇಂಥಾ ಪೀಸು ಮತ್ತೆ ಸಿಗಲ್ಲ. ಇನ್ನೂ ಇಬ್ಬರು ಗಿರಾಕಿಗಳು ಇದನ್ನೇ ಹಾಕಿ ಅಂತ ಕೇಳಿದ್ದಾರೆ."

"ನಿಮ್ಮ ಹತ್ತಿರ ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲ ಅಳಿಸಿ. ನನ್ನ ಕಣ್ಣೆದುರಿಗೇ" ಅಂದರು ಟೀಚರು. ಅವನು ಅಳಿಸಿದ. ಅಲಾರಮ್ಮಿನ ಪೆಟ್ಟಿಗೆಯನ್ನೂ ಕಿತ್ತು ಕೊಟ್ಟ.

ಮನೆಗೆ ಬಂದು ಕೀಯನ್ನು ಊಟದ ಮೇಜಿನ ಮೇಲೆ ಇಟ್ಟರು. ಸಾಹುಕಾರ ಎದ್ದು ಕೂತಿದ್ದ, ವಿಷಯ ತಿಳಿದು ಕೂಗಾಡಿದ. "ನನ್ನನ್ನ ಒಂದು ಮಾತು ಕೇಳ್ದೆ ತೆಗೆಸಿಬಿಟ್ಯಾ? ನಾಳೇನೇ ಹೋಗಿ ಮತ್ತೆ ಹಾಕಿಸ್ತೀನಿ, ನೋಡ್ತಿರು!" ಅಂತ ನೆಟ್ಟಗಿದ್ದ ಕೈಯನ್ನು ಕೀ ಕಡೆಗೆ ಚಾಚಿದ.

"ಬಿಡಿ ಅದನ್ನ" ಅಂದರು ಟೀಚರು.

ಮೆಲ್ಲಗೇ ಅಂದರು. ಪಕ್ಕದ ಕೋಣೆಗೂ ಕೇಳಿಸುತ್ತಿರಲಿಲ್ಲ. ಸಾಹುಕಾರ ಕೈ ಹಿಂದಕ್ಕೆ ಎಳೆದುಕೊಂಡ.