ಹತ್ತಿ ವಖಾರದ ಮೇಲೆ ಐರಿಷ್ ಸಾಲಿ

"ಐರಿಷ್ ಕಲತು ಯಾರ ಜೋಡಿ ಮಾತಾಡಾಕಿ ನೀ?" ಎಂದು ನನ್ನನ್ನು ಕೇಳದವರು ಹುಬ್ಬಳ್ಳಿ-ಧಾರವಾಡದಲ್ಲಿ ಕಡಿಮೆ. ಕಾಲೇಜಿನ ಸ್ಟಾಫ್ ರೂಮಿನಲ್ಲಿ ಕೇಳಿದರು, ಮದುವೆ ಮನೆಯ ಪಂಕ್ತಿಯಲ್ಲಿ ಕೇಳಿದರು, ಹಲ್ಲು ಕೀಳಿಸಿಕೊಳ್ಳಲು ಬಾಯಿ ತೆರೆದು ಕೂತಾಗ ದಂತವೈದ್ಯರೂ ಕೇಳಿದರು. ಅವರೊಬ್ಬರಿಗೆ ಮಾತ್ರ ನನಗೆ ಉತ್ತರ ಕೊಡಲಾಗಲಿಲ್ಲ. ಫ್ರೆಂಚ್ ಕಲಿಯುವವರನ್ನೋ ಜರ್ಮನ್ ಕಲಿಯುವವರನ್ನೋ ಯಾರೂ ಹೀಗೆ ಅಡ್ಡಗಟ್ಟಿ ವಿಚಾರಿಸುವುದಿಲ್ಲ. ಕಡಿಮೆ ಜನ ಆಡುವ ಭಾಷೆಗೆ ಕೈ ಹಾಕಿದವರು ಮಾತ್ರ ಊರಿಗೆಲ್ಲ ಸಮಜಾಯಿಷಿ ಕೊಡಬೇಕು. ನನಗೆ ಮೊದಲೇ ಸಿಟ್ಟು ಮೂಗಿನ ತುದಿಯಲ್ಲಿ. "ನಿಮ್ಮ ಜೋಡಿ ಅಂತೂ ಅಲ್ರಿ" ಎಂದು ಹೇಳಿ ಮುಂದೆ ಹೋಗುತ್ತಿದ್ದೆ.

ನಾನು ಹುಬ್ಬಳ್ಳಿಯ ಒಂದು ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುವವಳು. ಕೊರೊನಾ ಕಾಲದಲ್ಲಿ ಮನೆಯಲ್ಲಿ ಕೂತು ಕೂತು ಬೇಸತ್ತು, ಐರ್ಲೆಂಡಿನ ಬೇಸಿಗೆ ಶಾಲೆಯೊಂದರ ಆನ್‌ಲೈನ್ ತರಗತಿಗೆ ಸೇರಿಕೊಂಡೆ. ಆ ದೇಶದ ತುಂಬ ಇಂಗ್ಲಿಷ್ ಹಬ್ಬಿ, ಐರಿಷ್ ಭಾಷೆ ಹೆಚ್ಚಾಗಿ ಪಶ್ಚಿಮದ ಕಡಲ ದಂಡೆಯ ಊರುಗಳಲ್ಲಿ ಮನೆಮಾತಾಗಿ ಉಳಿದಿದೆ. ರಜೆ ಬಂತೆಂದರೆ ಪಟ್ಟಣದ ಮಕ್ಕಳು, ದೊಡ್ಡವರು ಆ ಊರುಗಳಿಗೆ ಹೋಗುತ್ತಾರೆ. ಅಲ್ಲಿಯವರ ಮನೆಗಳಲ್ಲೇ ಉಂಡು ಮಲಗಿ, ಬೆಳಿಗ್ಗೆ ಭಾಷೆ, ಮಧ್ಯಾಹ್ನ ಕಾವ್ಯ, ಸಂಜೆ ಹಾಡು-ಕುಣಿತ ಕಲಿತು ಬರುತ್ತಾರೆ. ನನಗೆ ಕಲಿಸಿದವರು ಅಂಥದೊಂದು ಊರಿನ, ಅರವತ್ತು ದಾಟಿದ, ನಗುಮುಖದ ಹೆಂಗಸು. ಕೆಲವು ವರ್ಷ ಪರದೆಯ ಮೇಲೆ ಮುಖ ನೋಡಿ ನೋಡಿ ಸಲಿಗೆ ಬೆಳೆದು, ಒಂದು ದಿನ ನಾನು, "ನೀವೇ ಇಲ್ಲಿಗೆ ಬನ್ನಿ, ನಮ್ಮೂರಲ್ಲೇ ಒಂದು ಚಳಿಗಾಲದ ಶಾಲೆ ಮಾಡೋಣ" ಎಂದುಬಿಟ್ಟೆ. ಬಾಯಿಮಾತಿಗೆ ಹೇಳಿದ್ದು. ಅವರು ಮರುವಾರವೇ ಟಿಕೆಟ್ ತೆಗೆಸಿದರು.

ಜಾಗ ಕೊಟ್ಟವರು ಕಾಕಾ. ಸ್ವಂತ ಕಾಕಾ ಅಲ್ಲ, ನಮ್ಮ ತಂದೆಯ ಗೆಳೆಯರು, ಉಣಕಲ್ಲಿನಲ್ಲಿ ನಮ್ಮ ಪಕ್ಕದ ಮನೆಯವರು. ಹತ್ತಿ ವ್ಯಾಪಾರ ಮಾಡಿ ಈಗ ಮಕ್ಕಳಿಗೆ ಬಿಟ್ಟುಕೊಟ್ಟಿದ್ದಾರೆ. ಅವರ ವಖಾರದ, ಅಂದರೆ ಗೋದಾಮಿನ, ಮೇಲಿನ ದೊಡ್ಡ ಹಾಲ್ ಖಾಲಿ ಬಿದ್ದಿತ್ತು. ಕೆಳಗೆ ಹತ್ತಿಯ ಅಂಡಿಗೆಗಳು, ಮೇಲೆ ನಾವು. ಕೊಡುವಾಗ ಒಂದೇ ಷರತ್ತು ಹಾಕಿದರು, ತಾವೂ ವಿದ್ಯಾರ್ಥಿ.

"ಮಂದಿ ಎಪ್ಪತ್ತಕ್ಕ ಕಾಶಿಗೆ ಹೊಕ್ಕಾರ, ನಾ ಸಾಲಿಗೆ ಹೊಕ್ಕೇನಿ. ನೋಡೂಣು, ಪಾಸ್ ಮಾಡ್ತಾರೋ ಇಲ್ಲೋ."

ಮೂರು ಮತ್ತೊಬ್ಬರು ಬಂದಾರು ಎಂದು ಹೆದರಿದ್ದೆ. ಇಪ್ಪತ್ತರ ಹತ್ತಿರ ಬಂದರು! ಐರ್ಲೆಂಡಿಗೆ ಕೆಲಸಕ್ಕೆ ಹೊರಟಿದ್ದ ಒಬ್ಬ ನರ್ಸ್, ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದ ಕಾರ್ಖಾನೆಯಿಂದ ರಜೆ ಹಾಕಿ ಬಂದ ಒಬ್ಬ ಫೋರ್‌ಮನ್, ನನ್ನ ಕಾಲೇಜಿನ ಹುಡುಗಿಯರು, ಬ್ಯಾಂಕಿನಿಂದ ನಿವೃತ್ತರಾದ ದಂಪತಿ. ನಮ್ಮ ಕಡೆ ಪಾಠ ಹೇಳುವ ಹೆಂಗಸರನ್ನೆಲ್ಲ ಅಕ್ಕೋರು ಎನ್ನುವುದು ರೂಢಿ. ಹಾಗಾಗಿ ಐರ್ಲೆಂಡಿನಿಂದ ಬಂದವರೂ ಮೊದಲ ದಿನವೇ ಅಕ್ಕೋರಾದರು.

ಅಕ್ಕೋರು ಬಂದು ನಿಂತವರೇ ಎರಡು ನಿಯಮ ಹೇಳಿದರು. ಒಂದು, ಶಾಲೆ ಮುಗಿಯುವವರೆಗೆ ಈ ಹಾಲಿನಲ್ಲಿ ಇಂಗ್ಲಿಷ್ ಆಡುವಂತಿಲ್ಲ. ಐರಿಷ್ ಬಾರದಿದ್ದರೆ ನಿಮ್ಮ ಭಾಷೆ ಆಡಿ, ನನಗೆ ತಿಳಿಯದಿದ್ದರೆ ಕೈಸನ್ನೆ ಮಾಡಿ. ಇಂಗ್ಲಿಷ್ ಬಾಯಿಂದ ಬಿದ್ದರೆ ಚಹಾದ ಕಪ್ಪು ತೊಳೆಯಬೇಕು. ಎರಡು, ಕೊನೆಯ ದಿನದ ಸಂಜೆ ಪ್ರತಿಯೊಬ್ಬರೂ ಏನಾದರೂ ಒಪ್ಪಿಸಬೇಕು: ಹಾಡು, ಪದ್ಯ, ಕಥೆ, ಕುಣಿತ. ಯಾರಿಗೂ ವಿನಾಯಿತಿ ಇಲ್ಲ. ಶಾಲೆ ಕರೆದವರದೇ ಮೊದಲ ಸರದಿ.

ಶಾಲೆ ಕರೆದವಳು ನಾನು. ಒಂದು ಪದ್ಯ ಓದಿ ಪಾರಾಗುತ್ತೇನೆ ಎಂದು ಲೆಕ್ಕ ಹಾಕುತ್ತಿರುವಾಗಲೇ ಹಿಂದಿನ ಸಾಲಿನಿಂದ ಕಾಕಾ ಕೂಗಿದರು: "ಇಕಿ ಹಾಡ್ತಾಳ್ರಿ ಅಕ್ಕೋರ! ಎಂಥಾ ದನಿ ಅಂತೀರಿ!" ಜೊತೆಗೆ ಗಂಟಲು ತೋರಿಸಿ, ಕೈ ಮೇಲೆತ್ತಿ ತಾನಿನ ಅಭಿನಯವನ್ನೂ ಮಾಡಿದರು. ಅಕ್ಕೋರಿಗೆ ತಿಳಿಯಿತು. ಅವರ ಮುಖ ಅರಳಿತು, ನಾನು ತಿರುಗಿ ಕಾಕಾನನ್ನು ದುರುಗುಟ್ಟಿ ನೋಡಿದೆ.

ನಾನು ಜನರ ಮುಂದೆ ಹಾಡಿ ಮೂವತ್ತು ವರ್ಷದ ಮೇಲಾಗಿತ್ತು. ಧಾರವಾಡದಲ್ಲಿ ಬೆಳೆದ ಅನೇಕ ಹುಡುಗಿಯರಂತೆ ನಾನೂ ಗುರುಗಳ ಹತ್ತಿರ ಸಂಗೀತ ಕಲಿತವಳು, ಚೆನ್ನಾಗಿಯೇ ಹಾಡುತ್ತಿದ್ದೆ. ಒಂದು ಸ್ಪರ್ಧೆಯಲ್ಲಿ, ತುಂಬಿದ ಸಭೆಯಲ್ಲಿ, ಭೀಮಪಲಾಸ ರಾಗದ ಹಾಡಿನ ಉತ್ತರಾರ್ಧ, ಅಂತರಾ, ಎತ್ತಿಕೊಳ್ಳುವ ಹೊತ್ತಿಗೆ ಸಾಹಿತ್ಯವೆಲ್ಲ ತಲೆಯಿಂದ ಹಾರಿಹೋಯಿತು. ತಬಲಾದವರು ನನ್ನ ಮುಖ ನೋಡಿಕೊಂಡು ಠೇಕಾ ಹಿಡಿದೇ ಇದ್ದರು. ಸಭೆ ಉಸಿರು ಬಿಗಿಹಿಡಿದು ಕೂತಿತ್ತು. ನಾನು ಎದ್ದು ಹೊರಗೆ ಬಂದೆ. ಆಮೇಲೆ ಅಡುಗೆ ಮನೆಯಲ್ಲಿ ಕುಕ್ಕರಿನ ಮುಂದೆ ಹಾಡಿದ್ದೇ ಹಾಡು. "ಮದುವೆ ಆದ ಮ್ಯಾಲೆ ಬಿಟ್ಲು ನೋಡ್ರಿ" ಎಂದು ಜನ ಮರುಗುವಾಗ ನನಗೆ ಮೈ ಉರಿಯುತ್ತಿತ್ತು. ಮದುವೆ, ಪಾಪ, ಏನೂ ಮಾಡಿರಲಿಲ್ಲ. ಬಿಡಿಸಿದ್ದು ಹೆದರಿಕೆ.

ಈಗ ಅಕ್ಕೋರು ದಿನಾ ಬೆಳಿಗ್ಗೆ ನನ್ನನ್ನು ನೋಡಿ ಗಂಟಲು ಮುಟ್ಟಿಕೊಂಡು ನಗುತ್ತಿದ್ದರು. ನಾನು ಎರಡು ದಿನ ಕಾಕಾನ ಜೊತೆ ಮಾತು ಬಿಟ್ಟೆ.

ಶಾಲೆಯೇನೋ ಭರ್ಜರಿಯಾಗಿ ನಡೆಯಿತು. ಐರಿಷ್‌ನಲ್ಲಿ ಒಬ್ಬರು 'ದೇವರು ನಿನ್ನ ಜೊತೆಗಿರಲಿ' ಎಂದರೆ, ಎದುರಿನವರು 'ದೇವರೂ ಮೇರಿಮಾತೆಯೂ ನಿನ್ನ ಜೊತೆಗಿರಲಿ' ಎನ್ನಬೇಕು. ಕಾಕಾ ಖುಷಿಯಾಗಿ ತೊಡೆ ತಟ್ಟಿದರು: "ನಮ್ಮ ಹಂಗ ಐತಲ್ಲೋ! ಶರಣು ಅಂದ್ರ ಶರಣು ಶರಣಾರ್ಥಿ!" ಆ ಭಾಷೆಯಲ್ಲಿ ಕ್ರಿಯಾಪದ ವಾಕ್ಯದ ಮೊದಲಿಗೇ ಬರುತ್ತದೆ ಎಂದಾಗ, "ನಾವು ಕಡೀಕ ಮಾಡೂದನ್ನ ಅವ್ರು ಮೊದಲ ಮಾಡಿ ಮುಗಸ್ತಾರ, ಶಾಣ್ಯಾ ಮಂದಿ" ಎಂದರು. ಮಧ್ಯಾಹ್ನ ಅಕ್ಕೋರು, ಸತ್ತವರ ಮುಂದೆ ಹೆಂಗಸರು ಹಾಡುತ್ತಿದ್ದ ಹಳೆಯ ಶೋಕಗೀತೆಗಳನ್ನು ಓದುತ್ತಿದ್ದರು. ಅರ್ಥ ಹೇಳಲು ಇಂಗ್ಲಿಷ್ ಇಲ್ಲವಲ್ಲ, ನೆಲದ ಮೇಲೆ ಕೂತು, ಮೈ ತೂಗಿ, ಸೆರಗಿಲ್ಲದಿದ್ದರೂ ಸೆರಗಿನಿಂದ ಕಣ್ಣೊರೆಸಿಕೊಂಡಂತೆ ಮಾಡಿ ತೋರಿಸಿದರು. ನರ್ಸ್ ಹುಡುಗಿ ಥಟ್ಟನೆ, "ಅಯ್ಯ, ನಮ್ಮ ಅಜ್ಜಿ ಹಿಂಗ ಹಾಡ್ಯಾಡಿಕೊಂಡು ಅಳತಿದ್ಲ್ರಿ" ಎಂದಳು. ಹಾಲಿಗೆ ಹಾಲೇ ತಲೆದೂಗಿತು. ಇಂಗ್ಲಿಷಿಲ್ಲದೆ ಎರಡು ಭಾಷೆಗಳು ಹೀಗೆ ನೇರಾನೇರ ಕೈ ಕುಲುಕುವುದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಇಂಗ್ಲಿಷ್ ಮೇಷ್ಟ್ರು ನಾನೇ ಆಗಿದ್ದರಿಂದ ಚಹಾದ ಕಪ್ಪು ಹೆಚ್ಚಾಗಿ ತೊಳೆದವಳೂ ನಾನೇ.

ಎಡವಟ್ಟಾದದ್ದು ಮೂರನೆಯ ದಿನ ಸಂಜೆ. ಗಿರ್ಮಿಟ್, ಮಿರ್ಚಿ ತಿಂದು ಎಲ್ಲರೂ ಕೂತ ಮೇಲೆ ಅಕ್ಕೋರು ಮೊದಲ ಬಾರಿಗೆ ಹಾಡಿದರು. ವಾದ್ಯವಿಲ್ಲ, ತಾಳವಿಲ್ಲ. ಕಣ್ಣು ಮುಚ್ಚಿ, ಕಡಲ ದಂಡೆಯಲ್ಲಿ ದೋಣಿಗಾಗಿ ಕಾಯುವ ಹೆಣ್ಣಿನ ಹಾಡನ್ನು ಎತ್ತಿಕೊಂಡರು. ದನಿ ಒಂದೊಂದು ಸ್ವರವನ್ನೂ ಸುತ್ತಿ ಸುತ್ತಿ ಇಳಿಯುತ್ತಿತ್ತು. ಪರದೇಶದ ಅತಿಥಿ ಹಾಡುತ್ತಿದ್ದಾರೆ, ಮರ್ಯಾದೆ ಬೇಡವೇ? ನಾವೆಲ್ಲ ರಾಷ್ಟ್ರಗೀತೆಗೆ ನಿಂತವರ ಹಾಗೆ ಬೆನ್ನು ನೆಟ್ಟಗೆ ಮಾಡಿ, ಕೆಮ್ಮನ್ನೂ ನುಂಗಿಕೊಂಡು ಕೂತೆವು. ಅವರು ಒಮ್ಮೆ ಕಣ್ಣು ತೆರೆದು ನಮ್ಮನ್ನು ನೋಡಿದರು, ಮತ್ತೊಂದು ಚರಣ ಹೇಳಿದರು, ಅರ್ಧಕ್ಕೇ ನಿಲ್ಲಿಸಿಬಿಟ್ಟರು. ನಾವು ಜೋರಾಗಿ ಚಪ್ಪಾಳೆ ಹೊಡೆದೆವು. ಅವರ ಮುಖ ಬಾಡಿಯೇ ಇತ್ತು.

ಹೊರಗೆ ಮೆಟ್ಟಿಲ ಮೇಲೆ, ಇಂಗ್ಲಿಷ್ ನಿಷಿದ್ಧವಲ್ಲದ ಜಾಗದಲ್ಲಿ, ಅವರು ನನ್ನನ್ನು ತಡೆದು ಕೇಳಿದರು: ನನ್ನ ಹಾಡು ಅಷ್ಟು ಕೆಟ್ಟದಾಗಿತ್ತೇ? ಅವರ ಊರಿನಲ್ಲಿ ಹಾಡು ನಡೆಯುತ್ತಿರುವಾಗಲೇ ಕೇಳುವವರು ಕೂಗಿ ಹುರಿದುಂಬಿಸಬೇಕಂತೆ. 'ಮಾ ಹೂ' ಎಂದರೆ ಭೇಷ್. 'ಮೊ ಹ್ಯೋಲ್ ಹೂ' ಎಂದರೆ ನೀನೇ ನನ್ನ ಸಂಗೀತ. ಯಾರೂ ತುಟಿ ಬಿಚ್ಚದಿದ್ದರೆ ಹಾಡು ಹಿಡಿಸಿಲ್ಲ ಎಂದು ಅರ್ಥ.

ನಾನು ಹಣೆ ಚಚ್ಚಿಕೊಂಡೆ. ಹಾಡು ಕೇಳುತ್ತ ಸುಮ್ಮನೆ ಕೂರಲು ಬಾರದ ಊರು ಯಾವುದಾದರೂ ಇದ್ದರೆ ಅದು ನಮ್ಮದು! ಒಂದು ಛಲೋ ಜಾಗ, ಸ್ವರ ಸೊಗಸಾಗಿ ತಿರುಗುವ ಕಡೆ, ಬಂದರೆ ಬೈಠಕ್ಕಿನಲ್ಲಿ ಹತ್ತು ಕೈ ಮೇಲೇಳುತ್ತವೆ. ಕಾಕಾ "ಆಹಾ" ಎಂದರೆ ವೇದಿಕೆಯ ಮೇಲಿನ ಗವಾಯಿಗಳೇ ಅವರ ಕಡೆ ತಿರುಗಿ ಹಾಡುತ್ತಾರೆ. ಅಂಥವರು ಬಾಯಿಗೆ ಕರ್ಚೀಫು ಒತ್ತಿಕೊಂಡು ಕೂತಿದ್ದರು. ಮಾತು ಬಿಟ್ಟದ್ದನ್ನು ಮರೆತು ನಾನು ಓಡಿ ಹೋಗಿ ಅವರಿಗೆ ವಿಷಯ ಹೇಳಿದೆ.

"ಏನಂತೀವಾ! ಫಾರಿನ್ ಮಂದಿ, ನಡುವ ಬಾಯಿ ಹಾಕಿದ್ರ ಬೈತಾರೋ ಏನೋ ಅಂತ ಉಸಿರು ಕಟ್ಟಿ ಕುಂತಿದ್ನಲ್ಲವಾ. ಹೊಟ್ಟಿ ಉಬ್ಬಿ ಒಡೀತಿತ್ತು ಇನ್ನೊಂದ್ ಚೂರಾಗಿದ್ರ!"

ಮರುದಿನ ಸಂಜೆ ಅಕ್ಕೋರು ಅದೇ ಹಾಡನ್ನು ಮತ್ತೆ ಹಾಡಿದರು. ಮೊದಲ ಸಾಲು ಇಳಿಯುವಷ್ಟರಲ್ಲಿ ಕಾಕಾ "ಆಹಾಹಾ! ಕ್ಯಾ ಬಾತ್ ಹೈ!" ಎಂದು ಕೂಗಿದ್ದಕ್ಕೆ ಕೆಳಗೆ ಹಮಾಲರು ಕೆಲಸ ನಿಲ್ಲಿಸಿ ಮೇಲೆ ನೋಡಿದರು. ಫೋರ್‌ಮನ್ "ಮಾ ಹೂ" ಎಂದರು, ಹುಡುಗಿಯರು "ವಾಹ್ ವಾ" ಎಂದರು. ಅಕ್ಕೋರು ಕಣ್ಣು ಮುಚ್ಚಿಕೊಂಡೇ ನಕ್ಕು, ಅರ್ಧಕ್ಕೆ ಬಿಟ್ಟಿದ್ದ ಚರಣವನ್ನು ಪೂರ್ತಿ ಹಾಡಿ, ಮೇಲೆ ಇನ್ನೆರಡು ಸೇರಿಸಿದರು.

ಆ ಹಾಡನ್ನೇ ನನಗೆ ಕಲಿಸಿದರು. ಬೆಳಿಗ್ಗೆ ಉಣಕಲ್ ಕೆರೆಯ ದಂಡೆಯ ಮೇಲೆ ನಡೆಯುತ್ತ ಒಂದೊಂದೇ ಸಾಲು ಹೇಳಿಕೊಡುವರು. ಅವರೊಬ್ಬರ ಮುಂದೆ ದನಿ ಬರುತ್ತಿತ್ತು. ವಾಕಿಂಗಿನವರು ಯಾರಾದರೂ ಹತ್ತಿರ ಬಂದರೆ ಹಾಡು ನಿಲ್ಲಿಸಿ ಕೆರೆಯ ಕಡೆ ಮುಖ ಮಾಡುತ್ತಿದ್ದೆ. ಮೂವತ್ತು ವರ್ಷದ ಹಿಂದೆ ಆದದ್ದನ್ನು ಹೇಳಿದೆ, ಪದ್ಯ ಓದುತ್ತೇನೆ ಬಿಟ್ಟುಬಿಡಿ ಎಂದು ಬೇಡಿಕೊಂಡೆ. ಅವರು ವಾದ ಮಾಡಲಿಲ್ಲ. ನಿನ್ನಿಷ್ಟ, ಆದರೆ ಸಾಲು ಕಲಿತುಬಿಡು ಎಂದರು. ಈ ಹೆಂಗಸು ಬಲು ಜಾಣೆ ಎಂದು ನನಗೆ ಒಳಗೊಳಗೇ ಕೋಪ ಬಂತು.

ಕೊನೆಯ ಸಂಜೆ ಹಾಲ್ ಜನರಿಂದ ತುಂಬಿತ್ತು. ವಿದ್ಯಾರ್ಥಿಗಳ ಮನೆಯವರು, ಓಣಿಯವರು, ಯಾರ ಜೋಡಿ ಮಾತಾಡಾಕಿ ಎಂದು ಕೇಳಿದ್ದ ನನ್ನ ಸಹೋದ್ಯೋಗಿಗಳು, ಎಲ್ಲರೂ ಬಂದಿದ್ದರು. ಒಂದು ಮೂಲೆಯಲ್ಲಿ ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ ಬಂದು ಕೂತಿದ್ದವು. ಕೈಯಲ್ಲಿ ಪದ್ಯದ ಹಾಳೆ ಹಿಡಿದು ಎದ್ದೆ. ಅಕ್ಕೋರು ನನ್ನನ್ನು ಒಂದು ಕುರ್ಚಿಯಲ್ಲಿ ಕೂರಿಸಿ, ಎದುರಿಗೆ ಇನ್ನೊಂದು ಎಳೆದುಕೊಂಡು ಕೂತು, ಹಾಳೆಯನ್ನು ಮೆಲ್ಲಗೆ ತೆಗೆದು ಕೆಳಗಿಟ್ಟು, ನನ್ನ ಕೈ ಹಿಡಿದುಕೊಂಡರು. ಅದೂ ಅವರ ಕಡೆಯ ಪದ್ಧತಿ. ಹಾಡುವವರ ಕೈ ಹಿಡಿದು, ಹಾಡಿನ ಓಟಕ್ಕೆ ತಕ್ಕಂತೆ ನಿಧಾನ ತಿರುಗಿಸುವುದು. ಎದುರುಬದುರು ಕೂತು ಬೀಸುಕಲ್ಲಿನ ಒಂದೇ ಗೂಟ ಹಿಡಿದು ಬೀಸುವ ಹೆಂಗಸರ ಹಾಗೆ ನಮ್ಮಿಬ್ಬರ ಕೈ ತಿರುಗತೊಡಗಿತು. ಕಣ್ಣು ಮುಚ್ಚಿದೆ. ದನಿ ಹೊರಗೆ ಬಂತು.

ಮೊದಲ ಚರಣ ದಾಟಿತು. ಎರಡನೆಯದಕ್ಕೆ ಮೇಲಿನ ಷಡ್ಜ ಮುಟ್ಟಿ, ನಿಂತು, ಮುಂದಿನ ಸಾಲಿಗೆ ಬಾಯಿ ತೆರೆದರೆ, ಇಲ್ಲ! ಒಂದು ಶಬ್ದವೂ ಇಲ್ಲ. ಅದೇ ಹಾಳು ಖಾಲಿತನ. ಕಾಲುಗಳು ಬಾಗಿಲ ದಾರಿ ಹುಡುಕಿದವು. ಅಕ್ಕೋರ ಕೈ ಮಾತ್ರ ನಿಲ್ಲಲಿಲ್ಲ, ತಿರುಗುತ್ತಲೇ ಇತ್ತು.

ಆ ನಿಶ್ಶಬ್ದಕ್ಕೆ ಸರಿಯಾಗಿ ಕಾಕಾ ಗುಡುಗಿದರು: "ಆಹಾ! ಏನ್ ಜಾಗಾ ಹಿಡದೀವಾ! ಖರೇ ಭೇಷ್!"

ನಾನು ಬೇಕೆಂದೇ ನಿಂತೆ ಎಂದು ತಿಳಿದು ಹೊಗಳಿದರೋ, ತಿಳಿದೇ ಆಟ ಹೂಡಿದರೋ, ಇವತ್ತಿಗೂ ಬಾಯಿ ಬಿಟ್ಟಿಲ್ಲ. ಒಬ್ಬರು "ಮಾ ಹೂ" ಎಂದರು, ಇನ್ನೊಬ್ಬರು "ವಾಹ್" ಎಂದರು, ಹಾಲ್ ತುಂಬ ಗದ್ದಲವೆದ್ದಿತು. ಅಷ್ಟು ಜನ ಹೊಗಳುತ್ತಿರುವಾಗ ಎದ್ದು ಓಡುವುದು ಹೇಗೆ? ಶಬ್ದವಿಲ್ಲದಿದ್ದರೆ ಬೇಡ ಎಂದು ಬರಿಯ 'ಆ'ಕಾರದಲ್ಲಿ ಆ ಸಾಲಿನ ಧಾಟಿಯನ್ನು ಎತ್ತಿಕೊಂಡೆ. ದೋಣಿ ಕಾಯುವ ಐರಿಷ್ ಹೆಣ್ಣು ಧಾರವಾಡದ ಆಲಾಪದಲ್ಲಿ ಒಂದು ಸುತ್ತು ತಿರುಗಿ ಬಂದಳು. ಎರಡನೆಯ ಸುತ್ತು ಇನ್ನೂ ಮೇಲಕ್ಕೆ ಹೋಯಿತು. ಇಳಿಯುವಾಗ ಶಬ್ದಗಳು, ಯಾರೋ ಕೈಗಿತ್ತ ಹಾಗೆ, ಒಂದರ ಹಿಂದೊಂದು ಬಂದವು. ಹಾಡು ಮುಗಿಸಿದೆ. ಅಕ್ಕೋರ ಕಣ್ಣಲ್ಲಿ ನೀರು. "ಮೊ ಹ್ಯೋಲ್ ಹೂ" ಎಂದು ನನ್ನ ಕೈಯನ್ನು ಕಣ್ಣಿಗೊತ್ತಿಕೊಂಡರು. ನಾನು ಅಳಲಿಲ್ಲ. ನನಗೆ ಹೇಳಲಾರದಷ್ಟು ಸಂತೋಷವಾಗಿತ್ತು, ಜಗಳ ಗೆದ್ದವಳ ಸಂತೋಷ.

ಇನ್ನೊಂದು ಎಂದು ಯಾರೋ ಕೂಗಿದರು. ಇನ್ನೊಂದು ಹಾಡಿದೆ. ಆಮೇಲೆ ಯಾರೂ ಕೇಳದಿದ್ದರೂ ಅಂದು ಅರ್ಧಕ್ಕೆ ಬಿಟ್ಟು ಬಂದಿದ್ದ ಭೀಮಪಲಾಸವನ್ನು ಎತ್ತಿಕೊಂಡೆ, ಅಂತರಾ ಸಹಿತ ಮುಗಿಸಿದೆ. ಮತ್ತೆ ಉಸಿರು ತೆಗೆದುಕೊಳ್ಳುವಾಗ ಕಾಕಾ ಎದ್ದು ನಿಂತು ಕೈ ಮುಗಿದರು.

"ಸಾಕವಾ ತಾಯಿ! ನಮ್ಮದೂ ಪಾಳಿ ಬರಲಿ, ನಾನೂ ಒಂದ್ ಪದಾ ಕಲತು ಬಂದೇನಿ. ರೊಟ್ಟಿ ಆರಾಕತ್ತಾವು."

"ತಡೀರಿ ಕಾಕಾ," ಎಂದೆ, "ಇದೊಂದು ಆಗಲಿ."